ಚಳಿಗಾಲದಲ್ಲಿ ಬಯಲಿನಲ್ಲಿ ರಾತ್ರಿ ಕಳೆಯುವವರು ಅನುಸರಿಸಬೇಕಾದ ಕ್ರಮಗಳು

ಬಲ್ಮಠ ಹಾಗೂ ಮಂಗಳೂರು ನಗರದ ಇತರ ಭಾಗಗಳ ನಾಗರಿಕರ ಮಾಹಿತಿಗಾಗಿ

ಮಂಗಳೂರು ಚಳಿಯ ಊರಲ್ಲ. ಜನವರಿ ತಿಂಗಳಿನಲ್ಲಿಯೂ ಇಲ್ಲಿನ ಸರಾಸರಿ ಕನಿಷ್ಠ ತಾಪಮಾನವು ಸುಮಾರು 21 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಈ ಕಾರಣದಿಂದ ಬಲ್ಮಠ, ಜ್ಯೋತಿ, ಹಂಪನಕಟ್ಟೆ ಮುಂತಾದ ಪರಿಸರದಲ್ಲಿ ವಾಸಿಸುವ ಬಹುತೇಕ ಕುಟುಂಬಗಳಲ್ಲಿ ದಪ್ಪ ಕಂಬಳಿಯಾಗಲಿ, ಉಣ್ಣೆಯ ಉಡುಪಾಗಲಿ ಇರುವುದಿಲ್ಲ. ಚಳಿಯಿಂದ ಪ್ರಾಣಾಪಾಯ ಉಂಟಾಗಬಹುದೆಂಬ ಅರಿವೂ ಕಡಿಮೆ. ಆದರೆ ಇದೇ ನಗರದಿಂದ ಪ್ರತಿ ವರ್ಷ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಅನೇಕರು ಚಾರಣಕ್ಕಾಗಿ, ಯಾತ್ರೆಗಾಗಿ ಪಶ್ಚಿಮ ಘಟ್ಟವನ್ನು ಏರುತ್ತಾರೆ. ಕೆಲವರು ನಗರದಲ್ಲಿಯೇ ಸೂರಿಲ್ಲದೆ ಅಂಗಡಿ ಜಗಲಿ, ಬಸ್ ನಿಲ್ದಾಣಗಳಲ್ಲಿ ಮಲಗುತ್ತಾರೆ. ಇವರೆಲ್ಲರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಸಾರ್ವಜನಿಕರು ಇದನ್ನು ಪೂರ್ಣವಾಗಿ ಓದಿಕೊಂಡು, ಓದಲು ಬಾರದವರಿಗೆ ತಿಳಿಸಿಕೊಡಬೇಕಾಗಿ ಕೋರಲಾಗಿದೆ.

1. ಈ ಮಾಹಿತಿಯು ಯಾರಿಗೆ ಅನ್ವಯಿಸುತ್ತದೆ

ಅ) ಕುಮಾರಪರ್ವತ, ಕುದುರೆಮುಖ, ಮುಳ್ಳಯ್ಯನಗಿರಿ ಮುಂತಾದ ಕಡೆಗಳಿಗೆ ಹೋಗಿ ಬೆಟ್ಟದ ತಪ್ಪಲಿನಲ್ಲಿ ಅಥವಾ ಅನುಮತಿಯಿರುವ ತಾಣಗಳಲ್ಲಿ ಡೇರೆ ಹಾಕಿ ತಂಗುವ ಚಾರಣಿಗರು.

ಆ) ಕಾರ್ತಿಕ ಮಾಸದ ಲಕ್ಷದೀಪೋತ್ಸವಕ್ಕೆ ಧರ್ಮಸ್ಥಳಕ್ಕೂ, ಚಂಪಾಷಷ್ಠಿಗೆ ಕುಕ್ಕೆ ಸುಬ್ರಹ್ಮಣ್ಯಕ್ಕೂ ತೆರಳುವ ಭಕ್ತರು, ಮಹಾಶಿವರಾತ್ರಿಯ ವೇಳೆ ಚಾರ್ಮಾಡಿ, ಶಿರಾಡಿ ಘಾಟಿಗಳ ಮೂಲಕ ಕಾಲ್ನಡಿಗೆಯಲ್ಲಿ ಬರುವ ಯಾತ್ರಿಗಳು, ಶಬರಿಮಲೆ ಯಾತ್ರಿಗಳು.

ಇ) ದೀಪಾವಳಿಯ ನಂತರ ಆರಂಭವಾಗಿ ಪತ್ತನಾಜೆಯವರೆಗೆ ನಡೆಯುವ ಯಕ್ಷಗಾನ ಬಯಲಾಟ, ಕೋಲ, ನೇಮ, ಕಂಬಳಗಳಲ್ಲಿ ಗದ್ದೆಯ ಅಂಚಿನಲ್ಲಿ ಚಾಪೆ ಹಾಸಿ ರಾತ್ರಿ ಕಳೆಯುವವರು, ವಿಶೇಷವಾಗಿ ಮಕ್ಕಳು ಮತ್ತು ವೃದ್ಧರು.

ಈ) ನಿರ್ಮಾಣ ಕಾಮಗಾರಿಗಳ ಸ್ಥಳದಲ್ಲಿ ತಂಗುವ ಕಾರ್ಮಿಕರು, ರಾತ್ರಿ ಕಾವಲುಗಾರರು, ದಕ್ಕೆಯಲ್ಲಿ ದೋಣಿಗಳ ಮೇಲೆ ಮಲಗುವ ಮೀನುಗಾರರು, ಲಾರಿ ಚಾಲಕರು.

ಉ) ವಾಸಕ್ಕೆ ಮನೆಯಿಲ್ಲದೆ ಬೀದಿಯಲ್ಲಿ ರಾತ್ರಿ ಕಳೆಯುವ ನಿರ್ವಸತಿಕರು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಇಂತಹವರ ಸಂಖ್ಯೆ 17.7 ಲಕ್ಷಕ್ಕೂ ಅಧಿಕವಾಗಿತ್ತು.

2. ಘಟ್ಟದ ಮೇಲಿನ ಚಳಿಯನ್ನು ಅಂದಾಜು ಮಾಡುವ ವಿಧಾನ

ಸಮುದ್ರ ಮಟ್ಟದಿಂದ ಮೇಲೇರಿದಂತೆ ಪ್ರತಿ 1000 ಮೀಟರಿಗೆ ತಾಪಮಾನವು ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಕುಮಾರಪರ್ವತದ ಎತ್ತರ 1712 ಮೀಟರ್. ಈ ಲೆಕ್ಕದಂತೆ ಬಲ್ಮಠದಲ್ಲಿ ಮುಂಜಾನೆ 21 ಡಿಗ್ರಿ ಇರುವ ದಿನ ಆ ಶಿಖರದ ಮೇಲೆ ಸುಮಾರು 10 ಡಿಗ್ರಿ ಇರಬಹುದು. ಇದು ಅಂದಾಜು ಮಾತ್ರ. ಮೋಡವಿಲ್ಲದ ರಾತ್ರಿಯಲ್ಲಿ ಹುಲ್ಲುಗಾವಲಿನ ನೆಲವು ಗಾಳಿಗಿಂತಲೂ ಹೆಚ್ಚು ತಂಪಾಗುತ್ತದೆ. ಗಾಳಿ ಬೀಸಿದಲ್ಲಿ ದೇಹಕ್ಕೆ ತಾಗುವ ಚಳಿಯು ತಾಪಮಾಪಕ ತೋರಿಸುವುದಕ್ಕಿಂತ ತೀವ್ರವಾಗಿರುತ್ತದೆ. ಬೆವರಿನಿಂದ ಅಥವಾ ಮಂಜಿನಿಂದ ಬಟ್ಟೆ ಒದ್ದೆಯಾಗಿದ್ದಲ್ಲಿ ಅಪಾಯವು ಇನ್ನೂ ಹೆಚ್ಚು.

ಭಾರತೀಯ ಹವಾಮಾನ ಇಲಾಖೆಯು ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನವು 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕುಸಿದಲ್ಲಿ ಅದನ್ನು ಶೀತಗಾಳಿ ಎಂದು ಪರಿಗಣಿಸುತ್ತದೆ. ಕರಾವಳಿ ಕೇಂದ್ರಗಳಿಗೆ ಈ ಮಿತಿಯು 15 ಡಿಗ್ರಿ. ಸೆಕೆಗೆ ಒಗ್ಗಿದ ಕರಾವಳಿಯ ಜನರನ್ನು ಚಳಿ ಬೇಗನೆ ಬಾಧಿಸುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು. ಬೀದರ್, ವಿಜಯಪುರ, ಕಲಬುರಗಿ ಕಡೆಗೆ ಪ್ರಯಾಣ ಮಾಡುವವರು ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಹೊರಡುವ ಮುನ್ನ ಹವಾಮಾನ ಮುನ್ಸೂಚನೆಯನ್ನು ಗಮನಿಸುವುದು ಸೂಕ್ತ.

ಮುಖ್ಯ ಸೂಚನೆ: ಚಳಿಯಿಂದ ಸಾವು ಸಂಭವಿಸಲು ಹಿಮ ಬೀಳಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ, ಹಸಿವು ಮತ್ತು ಆಯಾಸ ಒಟ್ಟುಗೂಡಿದಲ್ಲಿ 10 ರಿಂದ 15 ಡಿಗ್ರಿಯಲ್ಲಿಯೂ ದೇಹದ ಉಷ್ಣತೆಯು ಅಪಾಯದ ಮಟ್ಟಕ್ಕೆ ಇಳಿಯಬಹುದು.

3. ಮಲಗಿದವರ ದೇಹದ ಶಾಖವು ಹೇಗೆ ನಷ್ಟವಾಗುತ್ತದೆ

ಆರೋಗ್ಯವಂತ ಮನುಷ್ಯನ ದೇಹದ ಒಳ ಉಷ್ಣತೆಯು ಸುಮಾರು 37 ಡಿಗ್ರಿ. ಎಚ್ಚರವಿದ್ದಾಗ ನಡೆದಾಡುವುದರಿಂದ, ಕೆಲಸ ಮಾಡುವುದರಿಂದ ಶಾಖವು ಉತ್ಪತ್ತಿಯಾಗುತ್ತದೆ. ನಿದ್ರೆಯಲ್ಲಿ ಈ ಉತ್ಪತ್ತಿಯು ಕಡಿಮೆಯಾಗುತ್ತದೆ. ಆದರೆ ನಷ್ಟವು ನಾಲ್ಕು ಮಾರ್ಗಗಳಿಂದ ಮುಂದುವರಿಯುತ್ತದೆ.

ಅ) ನೆಲದ ಸ್ಪರ್ಶದಿಂದ: ತಣ್ಣನೆಯ ನೆಲವು ಬೆನ್ನು, ಸೊಂಟ, ಭುಜಗಳಿಂದ ಶಾಖವನ್ನು ಹೀರಿಕೊಳ್ಳುತ್ತದೆ. ಸಿಮೆಂಟು, ಕಲ್ಲು ಮತ್ತು ಹಸಿ ಮಣ್ಣಿನ ಮೇಲೆ ಈ ನಷ್ಟವು ಅಧಿಕ.

ಆ) ಗಾಳಿಯಿಂದ: ದೇಹದ ಸುತ್ತ ಬೆಚ್ಚಗಾದ ಗಾಳಿಯ ಪದರವನ್ನು ಬೀಸುವ ಗಾಳಿಯು ಒಯ್ಯುತ್ತದೆ.

ಇ) ಆಕಾಶಕ್ಕೆ: ಮೇಲೆ ಮರೆಯಿಲ್ಲದಿದ್ದಲ್ಲಿ ದೇಹದ ಶಾಖವು ನೇರವಾಗಿ ತೆರೆದ ಆಕಾಶದತ್ತ ಹೊರಹೊಮ್ಮುತ್ತದೆ. ಇದೇ ಕಾರಣಕ್ಕೆ ಮರದಡಿಯಲ್ಲಿ ಬೀಳದ ಇಬ್ಬನಿಯು ಬಯಲಿನಲ್ಲಿ ಬೀಳುತ್ತದೆ.

ಈ) ಆವಿಯಾಗುವಿಕೆಯಿಂದ: ಬೆವರು ಅಥವಾ ಇಬ್ಬನಿಯಿಂದ ಒದ್ದೆಯಾದ ಬಟ್ಟೆಯು ಒಣಗುವಾಗ ಮೈಯ ಶಾಖವನ್ನು ಬಳಸಿಕೊಳ್ಳುತ್ತದೆ.

ಕಂಬಳಿಯು ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ಅದರ ಎಳೆಗಳ ನಡುವೆ ನಿಂತ ಗಾಳಿಯು ದೇಹದ ಶಾಖವನ್ನು ಹಿಡಿದಿಡುತ್ತದೆ. ಮುಂದೆ ವಿವರಿಸಿರುವ ಕ್ರಮಗಳೆಲ್ಲವೂ ಈ ನಾಲ್ಕು ನಷ್ಟಗಳನ್ನು ತಡೆಯುವ ಉದ್ದೇಶದಿಂದಲೇ ಸೂಚಿಸಲ್ಪಟ್ಟಿವೆ.

4. ಮಲಗುವ ಸ್ಥಳದ ಆಯ್ಕೆ

- ತಣ್ಣನೆಯ ಗಾಳಿಯು ಭಾರವಾದುದರಿಂದ ರಾತ್ರಿ ವೇಳೆ ಕಣಿವೆ, ಹಳ್ಳ, ತೋಡುಗಳ ಬದಿಗೆ ಇಳಿದು ನಿಲ್ಲುತ್ತದೆ. ಶಿಖರದಲ್ಲಿ ಗಾಳಿಯ ರಭಸ ಹೆಚ್ಚು. ಇವೆರಡನ್ನೂ ಬಿಟ್ಟು, ಇಳಿಜಾರಿನ ನಡುವಿನ ಸಮತಟ್ಟಾದ, ಒಣಗಿದ ಜಾಗವನ್ನು ಆರಿಸಿಕೊಳ್ಳಬೇಕು.
- ಗಾಳಿ ಬೀಸುವ ದಿಕ್ಕಿಗೆ ಗೋಡೆ, ಬಂಡೆ ಅಥವಾ ದಟ್ಟ ಪೊದೆ ಅಡ್ಡವಿರಬೇಕು. ಮೇಲೆ ಮಾಡು, ಚಪ್ಪರ ಅಥವಾ ಟಾರ್ಪಾಲು ಇದ್ದಲ್ಲಿ ಇಬ್ಬನಿಯಿಂದ ರಕ್ಷಣೆ ದೊರೆಯುತ್ತದೆ.
- ಒಣಗಿದ ತೆಂಗಿನ ಮರದ ಅಥವಾ ಒಣ ಕೊಂಬೆಗಳಿರುವ ಮರದ ಕೆಳಗೆ ಮಲಗಬಾರದು.
- ಕಾಲ್ನಡಿಗೆಯ ಯಾತ್ರಿಗಳು ರಸ್ತೆಯ ಅಂಚಿನಲ್ಲಾಗಲಿ, ನಿಲ್ಲಿಸಿದ ಲಾರಿ, ಬಸ್ಸುಗಳ ಕೆಳಗೆ ಅಥವಾ ಹಿಂಬದಿಯಲ್ಲಾಗಲಿ ಎಂದಿಗೂ ಮಲಗಬಾರದು. ಇಂಜಿನಿನ ಬಿಸಿ ಹಾಗೂ ಗಾಳಿಯ ಮರೆಗಾಗಿ ಹೀಗೆ ಮಲಗುವವರ ಮೇಲೆ ವಾಹನ ಹರಿಯುವ ಸಂಭವವಿರುತ್ತದೆ. ಘಾಟಿಯ ರಸ್ತೆಗಳಲ್ಲಿ ಮಂಜು ಕವಿದಾಗ ಚಾಲಕರಿಗೆ ಕೆಲವೇ ಅಡಿ ದೂರದಲ್ಲಿರುವುದೂ ಕಾಣಿಸದು.
- ಸಾಧ್ಯವಿದ್ದಲ್ಲಿ ದೇವಸ್ಥಾನದ ಛತ್ರ, ಶಾಲೆಯ ಜಗಲಿ, ಸಮುದಾಯ ಭವನಗಳಲ್ಲಿ ಸಂಬಂಧಪಟ್ಟವರ ಅನುಮತಿ ಪಡೆದು ತಂಗುವುದು ಉತ್ತಮ. ಯಾತ್ರಾ ತಂಡದ ಮುಖ್ಯಸ್ಥರು ಈ ಏರ್ಪಾಡನ್ನು ಹೊರಡುವ ಮೊದಲೇ ಮಾಡಿಕೊಳ್ಳತಕ್ಕದ್ದು.

5. ಹಾಸಿಗೆ ಮತ್ತು ಹೊದಿಕೆ

ಸಾಮಾನ್ಯವಾಗಿ ಜನರು ಇರುವ ಬಟ್ಟೆಯನ್ನೆಲ್ಲ ಮೈಮೇಲೆ ಹೊದ್ದುಕೊಂಡು ಬರಿಯ ಚಾಪೆಯ ಮೇಲೆ ಮಲಗುತ್ತಾರೆ. ಇದು ಸರಿಯಾದ ಕ್ರಮವಲ್ಲ. ಮೈಯ ಭಾರದಿಂದ ಅಡಿಯ ಬಟ್ಟೆಯು ಅಮುಕಿ, ಅದರೊಳಗಿನ ಗಾಳಿಯು ಹೊರಟುಹೋಗುತ್ತದೆ. ನೆಲದ ತಂಪು ನೇರವಾಗಿ ಮೈಗೆ ತಾಗುತ್ತದೆ. ಎರಡು ಕಂಬಳಿಗಳಿದ್ದಲ್ಲಿ ಒಂದನ್ನು ಮಡಿಸಿ ಅಡಿಗೆ ಹಾಸಿ, ಇನ್ನೊಂದನ್ನು ಹೊದೆಯತಕ್ಕದ್ದು.

ಅಡಿಯಲ್ಲಿ ಹಾಸಲು ಕೆಳಗಿನ ಕ್ರಮವನ್ನು ಅನುಸರಿಸಬಹುದು:

(1) ಎಲ್ಲಕ್ಕಿಂತ ಕೆಳಗೆ ತೇವವನ್ನು ತಡೆಯುವ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲು.

(2) ಅದರ ಮೇಲೆ ಗಾಳಿಯನ್ನು ಹಿಡಿದಿಡುವ ವಸ್ತು: ಒಣ ಬೈಹುಲ್ಲು, ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿದ ಎರಡು ಮೂರು ಪದರ, ಗೋಣಿಚೀಲ, ದಿನಪತ್ರಿಕೆಗಳ ಕಟ್ಟು ಅಥವಾ ಚಾರಣಿಗರು ಬಳಸುವ ಫೋಮ್ ಚಾಪೆ. ಬೈಹುಲ್ಲನ್ನು ಮಲಗಿದಾಗ ಅಮುಕಿದ ಮೇಲೆಯೂ ನಾಲ್ಕು ಬೆರಳು ದಪ್ಪ ಉಳಿಯುವಷ್ಟು ಹಾಸಬೇಕು.

(3) ಎಲ್ಲಕ್ಕಿಂತ ಮೇಲೆ ಚಾಪೆ ಅಥವಾ ಜಮಖಾನೆ.

ಹೊದೆಯುವ ವಸ್ತುಗಳಲ್ಲಿ ಉಣ್ಣೆಯ ಕಂಬಳಿಯು ಶ್ರೇಷ್ಠ. ಚಳ್ಳಕೆರೆ ಮುಂತಾದ ಕಡೆಗಳಲ್ಲಿ ಕುರಿಯ ಉಣ್ಣೆಯಿಂದ ನೇಯುವ ಕರಿ ಕಂಬಳಿಯನ್ನು ಕುರುಬರು ತಲೆಮಾರುಗಳಿಂದ ಬಯಲಿನ ವಾಸಕ್ಕೆ ಬಳಸುತ್ತಾ ಬಂದಿದ್ದಾರೆ. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಬೆಚ್ಚಗಿಡುವ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಹತ್ತಿಯ ಬೆಡ್‌ಶೀಟು ಒದ್ದೆಯಾದಲ್ಲಿ ಈ ಗುಣವನ್ನು ಕಳೆದುಕೊಳ್ಳುತ್ತದೆ. ಎಷ್ಟೇ ಹತ್ತಿಯ ಹೊದಿಕೆಗಳಿದ್ದರೂ ಇಬ್ಬನಿ ಬೀಳುವ ಬಯಲಿನಲ್ಲಿ ಅವುಗಳ ಮೇಲೊಂದು ಮರೆ ಇರಲೇಬೇಕು.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವವರು ಅಥವಾ ಬಾಡಿಗೆಗೆ ಪಡೆಯುವವರು ಅದರ ಮೇಲೆ ನಮೂದಿಸಿರುವ ತಾಪಮಾನಗಳನ್ನು ಗಮನಿಸಬೇಕು. ಆರಾಮವಾಗಿ ನಿದ್ರಿಸಬಹುದಾದ ತಾಪಮಾನ ಬೇರೆ, ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ತಾಪಮಾನ ಬೇರೆ. ಮೊದಲನೆಯದನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಬ್ಯಾಗನ್ನು ಮಲಗುವ ಅರ್ಧ ಗಂಟೆ ಮೊದಲೇ ಬಿಡಿಸಿ ಕೊಡವಿಟ್ಟಲ್ಲಿ ಅದರೊಳಗೆ ಗಾಳಿ ತುಂಬಿಕೊಳ್ಳುತ್ತದೆ. ಮುಖವನ್ನು ಒಳಗೆ ಮುಚ್ಚಿಕೊಂಡು ಉಸಿರಾಡಬಾರದು. ಉಸಿರಿನ ತೇವದಿಂದ ಹೊದಿಕೆಯು ಒದ್ದೆಯಾಗುತ್ತದೆ. ಡೇರೆಯ ಗಾಳಿಕಿಂಡಿಯನ್ನು ಪೂರ್ಣವಾಗಿ ಮುಚ್ಚಬಾರದು.

6. ಉಡುಪು ಮತ್ತು ಆಹಾರ

- ಹಗಲು ನಡೆದು ಬೆವರಿದ ಬನಿಯನ್, ಅಂಗಿ, ಕಾಲುಚೀಲಗಳನ್ನು ಮಲಗುವ ಮುನ್ನ ಕಡ್ಡಾಯವಾಗಿ ಬದಲಿಸಬೇಕು. ರಾತ್ರಿಗೆಂದೇ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯತಕ್ಕದ್ದು. ಬೇರಾವ ಸಲಹೆಯನ್ನು ಪಾಲಿಸಲಾಗದಿದ್ದರೂ ಇದೊಂದನ್ನು ತಪ್ಪಿಸಬಾರದು.
- ಒಂದು ದಪ್ಪ ಉಡುಪಿಗಿಂತ ಎರಡು ಮೂರು ತೆಳು ಉಡುಪುಗಳು ಒಂದರ ಮೇಲೊಂದಿದ್ದಲ್ಲಿ ಹೆಚ್ಚು ಬೆಚ್ಚಗಿರುತ್ತದೆ. ಉಡುಪು ಬಿಗಿಯಾಗಿರಬಾರದು.
- ತಲೆ, ಕಿವಿ, ಕುತ್ತಿಗೆಗಳನ್ನು ಟೋಪಿ, ಮಫ್ಲರ್ ಅಥವಾ ಬೈರಾಸಿನಿಂದ ಮುಚ್ಚಿಕೊಳ್ಳಬೇಕು. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂಬ ಪ್ರಚಲಿತ ಮಾತು ನಿಜವಲ್ಲ. ಆದರೆ ಉಳಿದ ಮೈಯೆಲ್ಲ ಮುಚ್ಚಿರುವಾಗ ತೆರೆದ ತಲೆಯಿಂದ ನಷ್ಟವಾಗುವುದು ಖಂಡಿತ.
- ಮಲಗುವ ಮುನ್ನ ಹೊಟ್ಟೆ ತುಂಬ ಊಟ ಮಾಡಬೇಕು. ಆಹಾರವೇ ದೇಹಕ್ಕೆ ಇಂಧನ. ಬಿಸಿಯಾದ ಕುಚ್ಚಲಕ್ಕಿ ಗಂಜಿ, ಬೆಲ್ಲ, ನೆಲಗಡಲೆ, ತೆಂಗಿನಕಾಯಿ ಮುಂತಾದವು ಸೂಕ್ತ. ಯಾತ್ರೆಯಲ್ಲಿ ಉಪವಾಸವಿರುವವರು ರಾತ್ರಿ ಬಯಲಿನಲ್ಲಿ ಮಲಗದಿರುವುದು ಒಳಿತು.
- ಮೂತ್ರ ವಿಸರ್ಜನೆಗೆ ರಾತ್ರಿ ಏಳಬೇಕಾಗುವುದೆಂದು ನೀರು ಕುಡಿಯದಿರುವುದು ತಪ್ಪು. ನೀರಿನ ಕೊರತೆಯಾದಲ್ಲಿ ಕೈಕಾಲುಗಳಿಗೆ ರಕ್ತ ಸಂಚಾರವು ಕಡಿಮೆಯಾಗುತ್ತದೆ.
- ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹೊದಿಕೆಯೊಳಗೆ ಇಟ್ಟುಕೊಳ್ಳಬಹುದು. ಚರ್ಮಕ್ಕೆ ನೇರವಾಗಿ ತಾಗಿಸಿದಲ್ಲಿ ಸುಟ್ಟಗಾಯವಾಗುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಇದನ್ನು ಕಾಲಿನ ಬಳಿ ಇಡಬಾರದು.
- ಬಯಲಾಟ, ಕೋಲಗಳಿಗೆ ಮಕ್ಕಳನ್ನು ಕರೆತರುವವರು ಒಂದು ಕಂಬಳಿ, ಒಂದು ಟೋಪಿ ಹಾಗೂ ಅಡಿಗೆ ಹಾಸಲು ಗೋಣಿಯನ್ನು ತರಬೇಕು. ಹಸುಗೂಸುಗಳನ್ನು ರಾತ್ರಿಯ ಮಂಜಿನಲ್ಲಿ ಮಲಗಿಸಬಾರದು. ಅನಿವಾರ್ಯವಾದಲ್ಲಿ ತಾಯಿಯ ಎದೆಗೆ ಮಗುವಿನ ಮೈ ತಾಗುವಂತೆ ಅಪ್ಪಿಕೊಂಡು, ಇಬ್ಬರನ್ನೂ ಸೇರಿಸಿ ಹೊದೆಸಬೇಕು.

7. ಬೆಂಕಿ ಮತ್ತು ಕೆಂಡ: ಎಚ್ಚರಿಕೆ

ಮುಚ್ಚಿದ ಕೋಣೆ, ಡೇರೆ, ಶೆಡ್ಡು, ವಾಹನ ಅಥವಾ ದೋಣಿಯ ಕ್ಯಾಬಿನ್ನಿನೊಳಗೆ ಇದ್ದಿಲಿನ ಕೆಂಡ, ಅಗ್ಗಿಷ್ಟಿಕೆ, ಸೀಮೆಎಣ್ಣೆ ಸ್ಟವ್ ಅಥವಾ ಗ್ಯಾಸ್ ಒಲೆಯನ್ನು ಇಟ್ಟುಕೊಂಡು ಮಲಗುವುದು ಪ್ರಾಣಾಂತಿಕ. ಕೆಂಡದಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ನಿದ್ರೆಯಲ್ಲಿರುವವರಿಗೆ ಎಚ್ಚರವಾಗುವುದೇ ಇಲ್ಲ. ಹೊಗೆ ಕಾಣಿಸದ ಕೆಂಡವು ನಿರಪಾಯಕಾರಿ ಎಂಬ ನಂಬಿಕೆಯು ತಪ್ಪು.

2025ರ ನವೆಂಬರ್ ತಿಂಗಳಿನಲ್ಲಿ ಬೆಳಗಾವಿ ನಗರದಲ್ಲಿ ಚಳಿ ಕಾಯಿಸಿಕೊಳ್ಳಲೆಂದು ಕೋಣೆಯೊಳಗೆ ಇದ್ದಿಲು ಉರಿಸಿ ಮಲಗಿದ್ದ ಮೂವರು ಯುವಕರು ಮೃತಪಟ್ಟರು. ಕೆಂಡವನ್ನು ಹೊರಗಿಟ್ಟಿದ್ದಲ್ಲಿ ಇಂತಹ ಸಾವುಗಳನ್ನು ತಪ್ಪಿಸಬಹುದು. ಹೊರಗೆ ಕಾಯಿಸಿಕೊಂಡು, ಕೆಂಡಕ್ಕೆ ನೀರು ಹೊಯ್ದು ಆರಿಸಿದ ನಂತರವೇ ಒಳಗೆ ಬಂದು ಮಲಗತಕ್ಕದ್ದು. ತಲೆನೋವು, ವಾಕರಿಕೆ, ತಲೆಸುತ್ತು ಒಟ್ಟಿಗೆ ಹಲವರಿಗೆ ಕಾಣಿಸಿಕೊಂಡಲ್ಲಿ ಕೂಡಲೇ ಎಲ್ಲರನ್ನೂ ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು.

ಇಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಕಾರು ಅಥವಾ ಲಾರಿಯೊಳಗೆ ಮಲಗುವುದಕ್ಕೂ ಇದೇ ಎಚ್ಚರಿಕೆಯು ಅನ್ವಯಿಸುತ್ತದೆ.

ಅರಣ್ಯದೊಳಗೆ ಬೆಂಕಿ ಹಾಕುವುದನ್ನು ಕರ್ನಾಟಕ ಅರಣ್ಯ ಕಾಯ್ದೆ, 1963 ಹಾಗೂ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅಡಿಯಲ್ಲಿ ನಿಷೇಧಿಸಲಾಗಿದೆ. ಜನವರಿಯಿಂದ ಘಟ್ಟದ ಹುಲ್ಲು ಒಣಗಿರುವುದರಿಂದ ಒಂದು ಕಿಡಿಯಿಂದ ಇಡೀ ಗುಡ್ಡವೇ ಉರಿಯಬಹುದು. ಆದುದರಿಂದ ಚಾರಣಿಗರು ಬೆಂಕಿಯನ್ನು ನೆಚ್ಚಿಕೊಳ್ಳದೆ ಹಾಸಿಗೆ, ಹೊದಿಕೆಗಳನ್ನೇ ಸಿದ್ಧಮಾಡಿಕೊಂಡು ಹೋಗಬೇಕು.

8. ಮದ್ಯಪಾನದ ಬಗ್ಗೆ

ಮದ್ಯವು ಚಳಿಯನ್ನು ಹೋಗಲಾಡಿಸುತ್ತದೆ ಎಂಬುದು ಭ್ರಮೆ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತವು ಚರ್ಮಕ್ಕೆ ಬರುವುದರಿಂದ ಬೆಚ್ಚಗಾದಂತೆ ತೋರಿದರೂ, ಆ ಶಾಖವು ಹೊರಗೆ ಹೋಗಿ ದೇಹದ ಒಳ ಉಷ್ಣತೆಯು ಇಳಿಯುತ್ತದೆ. ನಡುಗಿ ಶಾಖ ಉತ್ಪಾದಿಸುವ ಸಾಮರ್ಥ್ಯವೂ ಕುಂದುತ್ತದೆ. ಚಳಿಯಾಗುತ್ತಿರುವುದು ಕುಡಿದವರ ಅರಿವಿಗೆ ಬರುವುದಿಲ್ಲ. ರಸ್ತೆಯ ಬದಿಯಲ್ಲಿ ಕುಡಿದು ಮಲಗಿದ್ದಾರೆಂದು ಭಾವಿಸಿ ಯಾರನ್ನೂ ಕಡೆಗಣಿಸದೆ, ಮಾತನಾಡಿಸಿ ನೋಡಬೇಕಾಗಿ ಸಾರ್ವಜನಿಕರಲ್ಲಿ ವಿನಂತಿ. ಉತ್ತರಿಸದಿದ್ದಲ್ಲಿ 108ಕ್ಕೆ ತಿಳಿಸುವುದು.

9. ಅಪಾಯದ ಲಕ್ಷಣಗಳು ಮತ್ತು ಪ್ರಥಮ ಚಿಕಿತ್ಸೆ

ದೇಹದ ಒಳ ಉಷ್ಣತೆಯು 35 ಡಿಗ್ರಿಗಿಂತ ಕೆಳಗಿಳಿಯುವುದನ್ನು ವೈದ್ಯಶಾಸ್ತ್ರದಲ್ಲಿ ಹೈಪೋಥರ್ಮಿಯಾ ಎಂದು ಕರೆಯಲಾಗುತ್ತದೆ.

ಮೊದಲ ಹಂತ: ವಿಪರೀತ ನಡುಕ, ಕೈಬೆರಳುಗಳು ಮರಗಟ್ಟುವುದು, ಗುಂಡಿ ಹಾಕಲು, ಲೇಸು ಕಟ್ಟಲು ಆಗದಿರುವುದು.

ಎರಡನೆಯ ಹಂತ: ಮಾತು ತೊದಲುವುದು, ಎಡವುವುದು, ತೂಕಡಿಕೆ, ಅಸಂಬದ್ಧ ವರ್ತನೆ, ಸಿಡುಕು ಅಥವಾ ನಿರಾಸಕ್ತಿ.

ತೀವ್ರ ಹಂತ: ನಡುಕವು ನಿಂತುಹೋಗುವುದು, ಪ್ರಜ್ಞೆ ತಪ್ಪುವುದು, ಉಸಿರು ಮತ್ತು ನಾಡಿ ಅತಿ ನಿಧಾನವಾಗುವುದು.

ಮೈ ಇನ್ನೂ ತಣ್ಣಗಿರುವಾಗ ನಡುಕವು ನಿಂತಲ್ಲಿ ಅದು ಗುಣವಾದ ಸೂಚನೆಯಲ್ಲ, ಅಪಾಯ ಹೆಚ್ಚಿದ ಸೂಚನೆ. ಕೆಲವರು ಈ ಹಂತದಲ್ಲಿ ಸೆಕೆಯೆಂದು ಬಟ್ಟೆ ಕಳಚುವುದೂ ಉಂಟು. ತಂಡದ ಇತರರು ಇದನ್ನು ಹುಡುಗಾಟವೆಂದು ತಿಳಿಯಬಾರದು.

ಮಾಡಬೇಕಾದದ್ದು:

(1) ಗಾಳಿಯಿಲ್ಲದ, ಒಣಗಿದ ಜಾಗಕ್ಕೆ ಮೆಲ್ಲನೆ ಸಾಗಿಸಿ, ಅಡಿಗೆ ಕಂಬಳಿ ಹಾಸಿ ಮಲಗಿಸಬೇಕು. ಒರಟಾಗಿ ಎಳೆದಾಡಿದಲ್ಲಿ ಹೃದಯದ ಬಡಿತ ತಪ್ಪಬಹುದು.

(2) ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ, ಕಂಬಳಿ ಹೊದೆಸಬೇಕು. ಮೊದಲು ಎದೆ, ಕುತ್ತಿಗೆ, ಕಂಕುಳು, ತೊಡೆಸಂದಿಗಳನ್ನು ಬೆಚ್ಚಗೆ ಮಾಡಬೇಕು. ಇನ್ನೊಬ್ಬರು ಜೊತೆಯಲ್ಲಿ ಒಂದೇ ಕಂಬಳಿಯೊಳಗೆ ಮಲಗಿ ಶಾಖ ನೀಡಬಹುದು.

(3) ಪೂರ್ಣ ಎಚ್ಚರವಿದ್ದು ನುಂಗಲು ಶಕ್ತರಾದಲ್ಲಿ ಮಾತ್ರ ಬೆಚ್ಚಗಿನ, ಸಿಹಿಯಾದ ಪಾನೀಯವನ್ನು ಗುಟುಕು ಗುಟುಕಾಗಿ ಕೊಡಬೇಕು.

(4) ಪ್ರಜ್ಞೆಯಿಲ್ಲದವರ ಉಸಿರಾಟವನ್ನು ಒಂದು ನಿಮಿಷದವರೆಗೆ ಗಮನವಿಟ್ಟು ಪರೀಕ್ಷಿಸಬೇಕು. ಉಸಿರಿಲ್ಲದಿದ್ದಲ್ಲಿ, ತರಬೇತಿ ಪಡೆದವರು ಎದೆ ಒತ್ತುವ ಕ್ರಿಯೆಯನ್ನು ಆರಂಭಿಸಿ ಆಸ್ಪತ್ರೆ ತಲುಪುವವರೆಗೆ ಮುಂದುವರಿಸಬೇಕು. ತಣ್ಣಗಾದ ದೇಹವನ್ನು ಕಂಡು ಸತ್ತಿದ್ದಾರೆಂದು ತೀರ್ಮಾನಿಸಬಾರದು. ಇಂತಹವರು ಬದುಕಿದ ನಿದರ್ಶನಗಳಿವೆ.

ಮಾಡಬಾರದದ್ದು: ಕೈಕಾಲುಗಳನ್ನು ಬಲವಾಗಿ ತಿಕ್ಕುವುದು, ಬೆಂಕಿಯ ಹತ್ತಿರ ಹಿಡಿಯುವುದು, ಬಿಸಿನೀರಿನ ಸ್ನಾನ, ಮದ್ಯ ಕುಡಿಸುವುದು, ಎಬ್ಬಿಸಿ ನಡೆಸುವುದು.

ಹಸುಗೂಸುಗಳು, 60 ವರ್ಷ ದಾಟಿದವರು, ಅಪೌಷ್ಟಿಕತೆಯುಳ್ಳವರು, ಹೃದ್ರೋಗ, ಉಬ್ಬಸ, ಮಧುಮೇಹ ಅಥವಾ ಥೈರಾಯ್ಡ್ ಗ್ರಂಥಿಯ ಕೊರತೆಯುಳ್ಳವರು ಮತ್ತು ನಿದ್ರೆಮಾತ್ರೆ ಸೇವಿಸುವವರು ಹೆಚ್ಚಿನ ಎಚ್ಚರಿಕೆ ವಹಿಸಬೇಕು. ವೃದ್ಧರಲ್ಲಿ ನಡುಕವು ಕಾಣಿಸದೆಯೇ ಉಷ್ಣತೆಯು ಇಳಿಯಬಹುದು.

10. ಬಯಲಿನಲ್ಲಿ ಮಲಗುವವರಿಗೆ ಇತರ ಅಪಾಯಗಳು

ಮಲೇರಿಯ: ಮಂಗಳೂರು ನಗರದಲ್ಲಿ ನಡುಕವೆಲ್ಲವೂ ಹವೆಯ ಚಳಿಯಿಂದ ಬಂದದ್ದೆಂದು ತಿಳಿಯಬಾರದು. ಚಳಿ, ನಡುಕದೊಂದಿಗೆ ಮೈ ಬಿಸಿಯಾದಲ್ಲಿ ಅದು ಮಲೇರಿಯ ಜ್ವರವಿರಬಹುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತ ಪರೀಕ್ಷೆಯು ಉಚಿತ. ಬಯಲಿನಲ್ಲಿ, ಕಾಮಗಾರಿ ಸ್ಥಳಗಳಲ್ಲಿ ಮಲಗುವವರು ಸೊಳ್ಳೆಪರದೆಯನ್ನು ತಪ್ಪದೆ ಬಳಸಬೇಕು.

ಮಂಗನ ಕಾಯಿಲೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಚಳಿಗಾಲ ಮತ್ತು ಬೇಸಿಗೆಯೇ ಇದರ ಕಾಲ. ಮಲೆನಾಡಿನ ಕಾಡಿನಲ್ಲಿ ಮೆತ್ತಗಿರುವುದೆಂದು ತರಗೆಲೆಗಳ ಮೇಲೆ ಮಲಗಬಾರದು, ತರಗೆಲೆಯನ್ನು ಹಾಸಿಗೆಗೆ ಬಳಸಬಾರದು. ಮಂಗಗಳು ಸತ್ತುಬಿದ್ದಿರುವ ಕಡೆ ಸುಳಿಯಬಾರದು. ಆರೋಗ್ಯ ಇಲಾಖೆಯು ವಿತರಿಸುವ ಡೆಪಾ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಂಡು, ಹಿಂದಿರುಗಿದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಬೇಕು.

ಹಾವು: ಕಟ್ಟುಹಾವು ರಾತ್ರಿ ವೇಳೆ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ನೋವಾಗಲಿ, ಗುರುತಾಗಲಿ ಇರದಿರಬಹುದು. ಸೊಳ್ಳೆಪರದೆಯ ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿದಲ್ಲಿ ಸೊಳ್ಳೆ, ಹಾವು ಎರಡರಿಂದಲೂ ರಕ್ಷಣೆ ದೊರೆಯುತ್ತದೆ. ಮುಂಜಾನೆ ಹೊಟ್ಟೆನೋವು, ಕಣ್ಣುರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

11. ಚಾರಣಕ್ಕೆ ಅನುಮತಿ

ಕುಮಾರಪರ್ವತವು ಪುಷ್ಪಗಿರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿಯೂ, ಕುದುರೆಮುಖವು ಅದೇ ಹೆಸರಿನ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿಯೂ ಬರುತ್ತವೆ. ಅರಣ್ಯ ಇಲಾಖೆಯ ಪೂರ್ವಾನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಉಂಟಾದ ಭಾರಿ ಜನಸಂದಣಿಯ ನಂತರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ವರ್ಷ ಆನ್‌ಲೈನ್ ಮುಂಗಡ ನೋಂದಣಿಯ ಪದ್ಧತಿಯನ್ನು ಜಾರಿಗೆ ತರಲಾಯಿತು. ಈ ಎರಡೂ ಶಿಖರಗಳ ಮೇಲೆ ರಾತ್ರಿ ಡೇರೆ ಹಾಕಲು ಅವಕಾಶವಿಲ್ಲ. ಆದುದರಿಂದ ಕತ್ತಲಾಗುವ ಮುನ್ನ ಇಳಿಯುವಂತೆ ಸಮಯವನ್ನು ಹೊಂದಿಸಿಕೊಳ್ಳಬೇಕು. ಆದಾಗ್ಯೂ ದಾರಿ ತಪ್ಪಿ ಅಥವಾ ಕಾಲು ಉಳುಕಿ ಕಾಡಿನಲ್ಲಿಯೇ ರಾತ್ರಿ ಕಳೆಯಬೇಕಾಗಬಹುದು. ಇದಕ್ಕಾಗಿ ಒಂದೇ ದಿನದ ಚಾರಣವಾದರೂ ಪ್ರತಿಯೊಬ್ಬರೂ ಒಂದು ಜೊತೆ ಒಣ ಬಟ್ಟೆ, ಟೋಪಿ, ಮೈ ಮುಚ್ಚುವಷ್ಟು ಪ್ಲಾಸ್ಟಿಕ್ ಹಾಳೆ, ಟಾರ್ಚು, ಸೀಟಿ ಹಾಗೂ ಬೆಲ್ಲ, ನೆಲಗಡಲೆ ಒಯ್ಯತಕ್ಕದ್ದು. ಹಿಂದಿರುಗುವ ಸಮಯವನ್ನು ಮನೆಯವರಿಗೆ ಬರೆದುಕೊಟ್ಟು ಹೋಗಬೇಕು.

12. ವಸತಿರಹಿತರಿಗೆ ಆಶ್ರಯ

ಕಂಬಳಿ ವಿತರಣೆಯು ತಾತ್ಕಾಲಿಕ ಪರಿಹಾರ ಮಾತ್ರ. ಸೂರು ಒದಗಿಸುವುದೇ ನಿಜವಾದ ಪರಿಹಾರ. ಸರ್ವೋಚ್ಚ ನ್ಯಾಯಾಲಯವು ಆಹಾರದ ಹಕ್ಕಿನ ಪ್ರಕರಣದಲ್ಲಿ 2010ರಲ್ಲಿ, ನಗರಗಳಲ್ಲಿ ನಿರ್ವಸತಿಕರಿಗಾಗಿ ರಾತ್ರಿ ತಂಗುದಾಣಗಳನ್ನು ಒದಗಿಸುವಂತೆ ನಿರ್ದೇಶಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಸಾಲುವ, ಎಲ್ಲ ಋತುಗಳಲ್ಲಿಯೂ ತೆರೆದಿರುವ ಶಾಶ್ವತ ಆಶ್ರಯವಿರಬೇಕೆಂದೂ, ತಲಾ 50 ಚದರ ಅಡಿ ಸ್ಥಳವಿರಬೇಕೆಂದೂ ನಿಗದಿಪಡಿಸಿತು. ಆಶ್ರಯ ಪಡೆದವರಿಗೆ ಗುರುತಿನ ಚೀಟಿ, ಪಡಿತರ ಚೀಟಿ, ಪಿಂಚಣಿ, ಬ್ಯಾಂಕ್ ಖಾತೆ ದೊರೆಯಲು ನೆರವಾಗಬೇಕೆಂಬುದೂ ಅದರಲ್ಲಿ ಸೇರಿದೆ. ಮಂಗಳೂರಿನಲ್ಲಿ ಆಶ್ರಯದ ಅಗತ್ಯವುಳ್ಳವರು ಅಥವಾ ಅಂತಹವರನ್ನು ಕಂಡವರು ಲಾಲ್‌ಬಾಗ್‌ನಲ್ಲಿರುವ ಮಹಾನಗರ ಪಾಲಿಕೆಯ ಕಚೇರಿಯನ್ನು ಸಂಪರ್ಕಿಸಬಹುದು.

13. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಗುರುತಿನ ಚೀಟಿ, ಹಣ ಇಲ್ಲದವರನ್ನು ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಗೆ ಸೇರಿಸಬಹುದೇ?
ಉತ್ತರ: ಸೇರಿಸಬಹುದು. ತುರ್ತು ಚಿಕಿತ್ಸೆ ನೀಡುವುದು ಸರ್ಕಾರಿ ಆಸ್ಪತ್ರೆಗಳ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ನೀಡಿದೆ. ಬಲ್ಮಠದ ನಿವಾಸಿಗಳಿಗೆ ಹಂಪನಕಟ್ಟೆಯಲ್ಲಿರುವ ಸರ್ಕಾರಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯು ಸಮೀಪದಲ್ಲಿದೆ.

ಪ್ರಶ್ನೆ: ಕಂಬಳಿಯಿಲ್ಲದೆ ರಾತ್ರಿ ಹೊರಗೆ ಸಿಲುಕಿದಲ್ಲಿ ಏನು ಮಾಡಬೇಕು?
ಉತ್ತರ: ನೆಲದ ಮೇಲೆ ಬರಿದೆ ಮಲಗಬಾರದು. ಚೀಲ, ಹಗ್ಗ, ಒಣ ಹುಲ್ಲು ಇರುವುದನ್ನು ಅಡಿಗೆ ಹಾಕಿ ಅದರ ಮೇಲೆ ಮೊಣಕಾಲುಗಳನ್ನು ಎದೆಗೆ ತಂದು ಕುಳಿತುಕೊಳ್ಳಬೇಕು. ಅಂಗಿ ಮತ್ತು ಬನಿಯನ್ನಿನ ನಡುವೆ ದಿನಪತ್ರಿಕೆ ಅಥವಾ ಒಣ ಹುಲ್ಲನ್ನು ತುಂಬಿಕೊಳ್ಳಬಹುದು. ಹಲವರಿದ್ದಲ್ಲಿ ಒತ್ತೊತ್ತಾಗಿ ಕುಳಿತು, ದುರ್ಬಲರನ್ನು ನಡುವೆ ಕೂರಿಸಿ, ಸರದಿಯಂತೆ ಒಬ್ಬರು ಎಚ್ಚರವಿರಬೇಕು.

ಪ್ರಶ್ನೆ: ರಾತ್ರಿ ಚಳಿಯಿಂದ ಎಚ್ಚರವಾದಲ್ಲಿ ಏನು ಮಾಡಬೇಕು?
ಉತ್ತರ: ಮುದುಡಿ ಮಲಗಿ ಬೆಳಗನ್ನು ಕಾಯುವುದು ಸರಿಯಲ್ಲ. ಎದ್ದು, ಬಟ್ಟೆ ಒದ್ದೆಯಾಗಿದ್ದಲ್ಲಿ ಬದಲಿಸಿ, ಮೂತ್ರ ವಿಸರ್ಜಿಸಿ, ಸ್ವಲ್ಪ ಬೆಲ್ಲ ತಿಂದು, ಬೆವರು ಬಾರದಷ್ಟು ಕೈಕಾಲು ಆಡಿಸಿ ಮತ್ತೆ ಮಲಗಬೇಕು. ಅತಿ ಹೆಚ್ಚಿನ ಚಳಿಯು ಸೂರ್ಯೋದಯದ ಸುಮಾರಿಗೆ ಇರುತ್ತದೆ.

14. ತುರ್ತು ದೂರವಾಣಿ ಸಂಖ್ಯೆಗಳು

ಆಂಬುಲೆನ್ಸ್ (ಆರೋಗ್ಯ ಕವಚ): 108
ತುರ್ತು ಸ್ಪಂದನ, ಪೊಲೀಸ್: 112
ಮಕ್ಕಳ ಸಹಾಯವಾಣಿ: 1098
ಹಿರಿಯ ನಾಗರಿಕರ ಸಹಾಯವಾಣಿ: 14567

ಘಟ್ಟದ ಅನೇಕ ಕಡೆಗಳಲ್ಲಿ ಮೊಬೈಲ್ ಸಂಪರ್ಕವಿರುವುದಿಲ್ಲ. ಕರೆ ಮಾಡಲು ಸಾಧ್ಯವಾಗದ ಸ್ಥಳದಲ್ಲಿ ಜೊತೆಗಿರುವವರ ಎಚ್ಚರವೇ ಮೊದಲ ರಕ್ಷಣೆ. ಆದುದರಿಂದ ತಂಡದಲ್ಲಿ ಹೋಗುವವರು ಮಲಗುವ ಮುನ್ನ ಪರಸ್ಪರರ ಹಾಸಿಗೆ, ಉಡುಪುಗಳನ್ನು ನೋಡಿಕೊಂಡು, ನಡುರಾತ್ರಿಯಲ್ಲಿ ಒಮ್ಮೆ ಎಲ್ಲರನ್ನೂ ಮಾತನಾಡಿಸಬೇಕಾಗಿ ಕೋರಲಾಗಿದೆ.